ಅಪ್ಪನ ಬದುಕನ್ನು ಬರೆದಿಡುವುದು ಹೇಗೆ: ನುಡಿನಮನದ ಒಂದು ಪುಟದಿಂದ ನೆನಪಿನ ಪುಸ್ತಿಕೆಯವರೆಗೆ

ತಂದೆಯವರು ತೀರಿಕೊಂಡಿದ್ದಾರೆ, ಹನ್ನೊಂದನೆಯ ದಿನ ನುಡಿನಮನ ಇಟ್ಟುಕೊಂಡಿದ್ದೇವೆ, ಅವರ ಬಗ್ಗೆ ಒಂದು ಪುಟ ಓದಬೇಕು, ಆದರೆ ಏನು ಬರೆಯಬೇಕೆಂದೇ ತೋಚುತ್ತಿಲ್ಲ ಎಂದು ಓದುಗರು ಮೇಲಿಂದ ಮೇಲೆ ಕೇಳುತ್ತಿರುತ್ತಾರೆ. ವರ್ಷದ ಪುಣ್ಯಸ್ಮರಣೆಗೆ ಚಿಕ್ಕದೊಂದು ಪುಸ್ತಿಕೆ ತರುವ ಆಸೆಯಿದೆ, ಎಲ್ಲಿಂದ ಆರಂಭಿಸುವುದು ಎಂದು ಕೇಳುವವರೂ ಕಡಿಮೆಯಿಲ್ಲ. ಎರಡಕ್ಕೂ ಬೇಕಾಗುವ ಸಾಮಗ್ರಿ ಒಂದೇ ಆದುದರಿಂದ ಇಲ್ಲಿ ಎರಡನ್ನೂ ಕೂಡಿಸಿಯೇ ವಿವರಿಸಿದ್ದೇನೆ.

ಮನೆಯಲ್ಲಿ ಗಂಡನಾಗಿ, ತಂದೆಯಾಗಿ ಇದ್ದುಕೊಂಡು, ಊರಿನಲ್ಲಿ ಶಾಲೆ, ಸಹಕಾರ ಸಂಘ, ಜಾತ್ರೆ, ರಕ್ತದಾನ ಶಿಬಿರ ಎಂದು ಸಂಬಳವಿಲ್ಲದೆ ದುಡಿದವರ ಬಗ್ಗೆ ಬರೆಯುವಾಗ ಒಂದು ವಿಶೇಷ ತೊಡಕು ಎದುರಾಗುತ್ತದೆ. ಅವರು ಊರಿಗಾಗಿ ಮಾಡಿದ ಕೆಲಸದ ವಿವರ ಮನೆಯವರಿಗೆ ಗೊತ್ತಿರುವುದಿಲ್ಲ, ಮನೆಯೊಳಗಿನ ಮನುಷ್ಯ ಹೇಗಿದ್ದರೆಂಬುದು ಊರಿನವರಿಗೆ ಗೊತ್ತಿರುವುದಿಲ್ಲ. ಈ ಎರಡು ಅರ್ಧಗಳನ್ನು ಸೇರಿಸದೆ ಬರೆದಾಗಲೇ ಬರಹವು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂಬಂಥ ಪದಗಳ ಮೊರೆ ಹೋಗುತ್ತದೆ. ಆದ್ದರಿಂದ ಗುಣಗಳನ್ನು ಹೊಗಳುವ ಬದಲು, ಅವರು ಮಾಡಿದ ಕೆಲಸಗಳನ್ನು ಖಚಿತಪಡಿಸಿಕೊಂಡು ಹೇಳುವುದು ಹೇಗೆಂಬುದೇ ಈ ಲೇಖನದ ವಿಷಯ.

ಬೇಕಾಗುವುದು ಇಷ್ಟೇ: ದಪ್ಪನೆಯ ಒಂದು ನೋಟ್‌ಬುಕ್, ಧ್ವನಿಮುದ್ರಣ ಮಾಡಬಲ್ಲ ಮೊಬೈಲ್, ಕಾಗದಪತ್ರ ಹಾಕಿಡಲು ಒಂದು ಫೈಲು, ಮತ್ತು ಕೆಲಸದ ಹೊಣೆಯನ್ನು ಪೂರ್ತಿಯಾಗಿ ಹೊರುವ ಒಬ್ಬರೇ ಒಬ್ಬರು. ಮನೆಯ ಎಲ್ಲರೂ ಸೇರಿ ಬರೆಯೋಣ ಎಂದುಕೊಂಡ ಪುಸ್ತಿಕೆ ಸಾಮಾನ್ಯವಾಗಿ ಹೊರಬರುವುದಿಲ್ಲ.

1. ಎರಡು ಬರಹಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ

ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಉತ್ತರಕ್ರಿಯೆ, ಬೊಜ್ಜ ಎಂದು ನಿಮ್ಮ ಮನೆತನದ ಪದ್ಧತಿ ಯಾವುದೇ ಇರಲಿ, ಆ ದಿನ ಓದುವ ಬರಹ ಐದು ನಿಮಿಷ ಮೀರಬಾರದು. ಊಟದ ಪಂಕ್ತಿಗೆ ಜನ ಕಾಯುತ್ತಿರುತ್ತಾರೆ, ವಯಸ್ಸಾದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ದಣಿದಿರುತ್ತಾರೆ, ಬರೆದವರ ಗಂಟಲೂ ನಡುವೆ ಕಟ್ಟಿಕೊಳ್ಳುತ್ತದೆ. ನಿಧಾನವಾಗಿ ಓದಿದರೆ ಐದು ನಿಮಿಷಕ್ಕೆ 400ರಿಂದ 450 ಪದಗಳು ಸಾಕು. ಹುಟ್ಟಿದ ಊರು, ವೃತ್ತಿ, ಮನೆಯ ಒಂದು ಸಂಗತಿ, ಊರಿನ ಒಂದು ಕೆಲಸ, ಕೊನೆಯ ದಿನಗಳಲ್ಲಿ ನೆರವಾದವರಿಗೆ ಕೃತಜ್ಞತೆ, ಇವಿಷ್ಟಿದ್ದರೆ ಆ ಪುಟ ತುಂಬುತ್ತದೆ. ನಿಮ್ಮಿಂದ ಓದಲಾಗದೆ ಹೋದರೆ ಮುಂದುವರಿಸಲು ಇನ್ನೊಬ್ಬರ ಕೈಯಲ್ಲಿ ಒಂದು ಪ್ರತಿ ಇರಲಿ.

ಪುಸ್ತಿಕೆಯ ಗಡುವನ್ನು ವರ್ಷಾಂತಿಕಕ್ಕೆ ಇಟ್ಟುಕೊಳ್ಳಿ. ಒಂದೇ ತಿಂಗಳಲ್ಲಿ ತರುತ್ತೇವೆಂದು ಹೊರಟರೆ ಪುಸ್ತಿಕೆಯ ತುಂಬ ಸಂತಾಪ ಸಂದೇಶಗಳೇ ಉಳಿಯುತ್ತವೆ. ಒಂದು ಎಚ್ಚರಿಕೆಯೂ ಉಂಟು. ವಾರ್ಷಿಕ ಶ್ರಾದ್ಧವು ತಿಥಿಯ ಪ್ರಕಾರ ಬರುತ್ತದೆ, ಆ ತಿಥಿ ನಿಧನರಾದ ತಾರೀಖಿಗೆ ಹೊಂದಿಕೆಯಾಗಲೇಬೇಕೆಂದಿಲ್ಲ. ಪುಸ್ತಿಕೆ ಯಾವ ದಿನಕ್ಕೆ ಸಿದ್ಧವಾಗಬೇಕೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ.

2. ಬೀರು ಖಾಲಿ ಮಾಡುವ ಮೊದಲು ಕಾಗದಗಳನ್ನು ನೋಡಿ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದುದರಿಂದ, ಪಿಂಚಣಿ ಮತ್ತು ಬ್ಯಾಂಕಿನ ಓಡಾಟವೂ ಜತೆಗಿರುವುದರಿಂದ, ಹಳೆಯ ಕಾಗದಗಳು ಹೇಗೂ ಆ ದಿನಗಳಲ್ಲಿ ಹೊರಬಂದಿರುತ್ತವೆ. ಮತ್ತೆ ಒಳಗಿಡುವ ಮೊದಲು ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನೌಕರಿಯಲ್ಲಿದ್ದವರಾದರೆ ಸೇವಾ ಪುಸ್ತಕ (ನೇಮಕಾತಿ, ವರ್ಗಾವಣೆ, ಬಡ್ತಿಗಳನ್ನು ಇಲಾಖೆಯವರು ದಾಖಲಿಸುತ್ತ ಹೋಗುವ ಪುಸ್ತಕ), ಮದುವೆಯ ಕರೆಯೋಲೆ, ಜಾತಕ, ರಕ್ತದಾನದ ಕಾರ್ಡುಗಳು, ಸಂಘದ ಷೇರು ಪತ್ರ, ಸನ್ಮಾನ ಪತ್ರಗಳು, ಜೇಬಿನ ಡೈರಿಗಳು ಇವುಗಳಲ್ಲಿ ಮುಖ್ಯವಾದವು. ಸನ್ಮಾನ ಪತ್ರದ ಒಕ್ಕಣೆಯಿಂದ ಹೆಚ್ಚೇನೂ ಸಿಗುವುದಿಲ್ಲ, ಅದರ ಕೆಳಗಿನ ತಾರೀಖು ಮತ್ತು ಸಂಸ್ಥೆಯ ಹೆಸರು ಮಾತ್ರ ಕೆಲಸಕ್ಕೆ ಬರುತ್ತವೆ. ಅದಕ್ಕಿಂತ ಡೈರಿ ಮೇಲು. ಯಾರಿಗೆ ಎಷ್ಟು ಕೊಟ್ಟೆ, ಪೆಂಡಾಲಿನವನಿಗೆ ಎಷ್ಟು ಬಾಕಿ ಎಂಬ ಸಾಲುಗಳಲ್ಲಿ ಮನುಷ್ಯ ಕಾಣಿಸುತ್ತಾನೆ.

ಅವರ ಮೊಬೈಲಿನ ಸಿಮ್ಮನ್ನು ಆತುರದಲ್ಲಿ ರದ್ದು ಮಾಡಿಸಬೇಡಿ. ರೀಚಾರ್ಜ್ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಆ ಸಂಖ್ಯೆ ಬೇರೆಯವರ ಪಾಲಾಗುತ್ತದೆ, ವಾಟ್ಸ್‌ಆ್ಯಪ್ ಖಾತೆಯೂ 120 ದಿನ ಬಳಕೆಯಾಗದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅದರೊಳಗಿನ ಫೋಟೊಗಳನ್ನೂ ಸಂಘದ ಗುಂಪುಗಳಿಗೆ ಅವರು ಕಳಿಸಿದ ಧ್ವನಿ ಸಂದೇಶಗಳನ್ನೂ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

3. ದಿನಾಂಕಗಳನ್ನು ಒರೆಗೆ ಹಚ್ಚಿ

ಹಿರಿಯ ತಲೆಮಾರಿನ ಅನೇಕರಿಗೆ ಎರಡು ಜನ್ಮದಿನಗಳಿರುತ್ತವೆ: ಮನೆಯ ಲೆಕ್ಕದ್ದೊಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೊಂದು. ಜಾತಕ ಇದ್ದರೆ ಅದನ್ನೇ ನಂಬಬಹುದು, ಆದರೆ ಅದರಲ್ಲಿ ಇಸವಿಯ ಬದಲು ಸಂವತ್ಸರವಷ್ಟೇ ಇರಬಹುದು. ಸಂವತ್ಸರ ಯುಗಾದಿಗೆ ಬದಲಾಗುತ್ತದೆಯೇ ಹೊರತು ಜನವರಿಗೆ ಅಲ್ಲ ಎಂಬುದನ್ನು ಮರೆತವರು ಇಲ್ಲಿ ಒಂದು ವರ್ಷ ಹಿಂದೆ ಬೀಳುತ್ತಾರೆ. ಉದಾಹರಣೆಗೆ, ಪಾರ್ಥಿವ ಸಂವತ್ಸರವೆಂದರೆ 1945ರ ಯುಗಾದಿಯಿಂದ 1946ರ ಯುಗಾದಿಯವರೆಗಿನ ಅವಧಿ. ಆ ಸಂವತ್ಸರದ ಮಾಘ ಮಾಸದಲ್ಲಿ ಹುಟ್ಟಿದವರು 1946ರಲ್ಲಿ ಹುಟ್ಟಿದವರು.

ಊರಿನ ಹೆಸರು ಹಾಗೆಯೇ ಉಳಿದರೂ ಜಿಲ್ಲೆ ಬದಲಾಗಿರುತ್ತದೆ. ಉಡುಪಿ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. ಹಾಗಿರುವಾಗ ‘1950ರಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಜನಿಸಿದರು’ ಎಂದು ಬರೆಯುವ ಬದಲು ‘ಇಂದಿನ ಕೊಪ್ಪಳ ಜಿಲ್ಲೆಯ’ ಎಂದು ಬರೆಯಿರಿ. 1956ರ ನವೆಂಬರ್ 1ಕ್ಕೆ ಮೊದಲು ಅದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತೆಂಬ ಒಂದು ಮಾತು, ಅವರು ಉರ್ದು ಓದಲು ಹೇಗೆ ಕಲಿತರೆಂಬ ಮೊಮ್ಮಕ್ಕಳ ಪ್ರಶ್ನೆಗೂ ಉತ್ತರವಾಗಬಹುದು.

4. ಮಾತನಾಡಿಸುವುದು: ತಾಯಿಯವರಿಂದ ಆರಂಭಿಸಿ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಮೊದಲ ತಿಂಗಳು ತಾಯಿಯವರನ್ನು ಕೆದಕಿ ಕೇಳಲು ಹೋಗಬೇಡಿ. ತಾವಾಗಿ ಹೇಳಿದ್ದನ್ನು ಬರೆದಿಟ್ಟುಕೊಂಡರೆ ಸಾಕು. ಆಮೇಲೆ ಕೇಳುವಾಗಲೂ ಮೈಕು ಮುಂದಿಟ್ಟುಕೊಂಡು ಸಂದರ್ಶನದ ಧಾಟಿಯಲ್ಲಿ ಕೇಳುವುದಕ್ಕಿಂತ, ಸೊಪ್ಪು ಬಿಡಿಸುತ್ತಲೋ ಹಳೆಯ ಆಲ್ಬಂ ತಿರುವುತ್ತಲೋ ಕೇಳಿದರೆ ಮಾತು ಸರಾಗವಾಗಿ ಬರುತ್ತದೆ. ಧ್ವನಿಮುದ್ರಣ ಮಾಡುತ್ತಿರುವುದನ್ನು ಮಾತ್ರ ಅವರಿಗೆ ತಿಳಿಸಿಯೇ ಮಾಡಿ.

‘ಅಪ್ಪ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ‘ಅಮ್ಮ, ಮದುವೆಯಾದ ಹೊಸತರಲ್ಲಿ ಯಾವ ಮನೆಯಲ್ಲಿದ್ದಿರಿ? ನೀರು ಎಲ್ಲಿಂದ ತರುತ್ತಿದ್ದಿರಿ? ಅಪ್ಪ ಮೀಟಿಂಗ್ ಮುಗಿಸಿ ಬರುವಾಗ ಎಷ್ಟು ಹೊತ್ತಾಗುತ್ತಿತ್ತು, ಅಲ್ಲಿಯವರೆಗೂ ಊಟ ಮಾಡದೆ ಕಾಯುತ್ತಿದ್ದೆಯಾ?’ ಎಂದು ಕೇಳಿ ನೋಡಿ. ವಸ್ತು, ಸ್ಥಳ, ಹೊತ್ತು, ಊಟ ಇವುಗಳ ಬಗ್ಗೆ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಂಡನ ಹೆಸರು ಹೇಳದ ತಲೆಮಾರಿನವರಾದರೆ ‘ಇವರು’, ‘ನಮ್ಮ ಯಜಮಾನರು’, ‘ನಿಮ್ಮಪ್ಪ’ ಎಂದೇ ಹೇಳುತ್ತಾರೆ. ಬರಹಕ್ಕಿಳಿಸುವಾಗ ಅದನ್ನು ‘ನನ್ನ ಪತಿದೇವರು’ ಎಂದು ತಿದ್ದಿದರೆ ಅವರ ದನಿಯೇ ಹೋಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಊರಿನ ಕೆಲಸಕ್ಕೆಂದು ಗಂಡ ಹೊರಗಿದ್ದ ಸಂಜೆಗಳಲ್ಲಿ ಮಕ್ಕಳ ಓದು, ಅತ್ತೆಯ ಔಷಧಿ, ಹಾಲಿನ ಲೆಕ್ಕ ನೋಡಿಕೊಂಡವರು, ಹೇಳದೆ ಕೇಳದೆ ಬಂದ ಕಾರ್ಯಕರ್ತರಿಗೆಲ್ಲ ಕಾಫಿ ಮಾಡಿಕೊಟ್ಟವರು ಯಾರು? ಸ್ಮರಣೆಯ ಪುಸ್ತಿಕೆಗಳಲ್ಲಿ ಇದು ‘ಪತ್ನಿಯ ಸಹಕಾರದೊಂದಿಗೆ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಅವರ ಸೇವೆಯ ಖರ್ಚಿನ ಒಂದು ಪಾಲನ್ನು ಆಕೆ ಭರಿಸಿದ್ದಾರೆಂಬುದು ನಿಮ್ಮ ಪುಸ್ತಿಕೆಯಲ್ಲಿ ವಿವರವಾಗಿಯೇ ಬರಲಿ.

ತಾಯಿಯವರ ಬಳಿಕ ತಂದೆಯವರ ಒಡಹುಟ್ಟಿದವರು, ಬಾಲ್ಯದ ಗೆಳೆಯರು, ಸಹೋದ್ಯೋಗಿಗಳನ್ನು ಮಾತನಾಡಿಸಿ. ಎಲ್ಲರಿಗಿಂತ ಹಿರಿಯರನ್ನು ಮೊದಲು ಕಾಣುವುದು ಜಾಣತನ. ಅಧ್ಯಕ್ಷ, ಕಾರ್ಯದರ್ಶಿಗಳನ್ನಷ್ಟೇ ಕಂಡು ಹಿಂದಿರುಗಬೇಡಿ. ಪೆಂಡಾಲು ಹಾಕಿದವರು, ಮೈಕ್‌ಸೆಟ್ಟಿನವರು, ಅಡುಗೆ ಭಟ್ಟರು, ಶಾಲೆಯ ಬಿಸಿಯೂಟದ ಅಕ್ಕಂದಿರು ವೇದಿಕೆಯ ಮೇಲೆ ಎಂದೂ ಮಾತನಾಡದಿದ್ದರೂ ನಿಮ್ಮ ತಂದೆ ಹಣ ಕೊಡುವಾಗ ಹೇಗಿದ್ದರು, ಕೆಲಸ ಹಾಳಾದಾಗ ಹೇಗಿದ್ದರು ಎಂಬುದನ್ನು ಬಲ್ಲರು.

ಇಸವಿ ಯಾರಿಗೂ ನೆನಪಿರುವುದಿಲ್ಲ; ಅದಕ್ಕೆ ಎಲ್ಲರೂ ಬಲ್ಲ ಘಟನೆಗಳ ಆಸರೆ ಹಿಡಿಯಿರಿ. ತುರ್ತುಪರಿಸ್ಥಿತಿಗೆ (1975–77) ಮೊದಲೋ ಆಮೇಲೋ? ಇಂದಿರಾ ಗಾಂಧಿಯವರ ಹತ್ಯೆಯಾದಾಗ (ಅಕ್ಟೋಬರ್ 1984) ಈ ಕಟ್ಟಡ ಇತ್ತೇ? ರಾಜ್‌ಕುಮಾರ್ ಅವರ ಅಪಹರಣವಾದ ವರ್ಷ (2000) ಅಧ್ಯಕ್ಷರಾಗಿದ್ದವರು ಯಾರು? ಉತ್ತರ ಕರ್ನಾಟಕದವರಿಗೆ 2009ರ ನೆರೆ, ಕೊಡಗಿನವರಿಗೆ 2018ರ ಮಳೆ ಅಳಿಯದ ಗುರುತುಗಳು. ಇಂಥ ಪ್ರಶ್ನೆ ಕೇಳಿದರೆ ಒಂದೆರಡು ವರ್ಷದ ಅಂತರದಲ್ಲಿ ಕಾಲ ಸಿಕ್ಕಿಬಿಡುತ್ತದೆ.

5. ಊರಿನ ಕೆಲಸಕ್ಕೆ ನಡಾವಳಿ ಪುಸ್ತಕವೇ ಸಾಕ್ಷಿ

ನಡಾವಳಿ ಪುಸ್ತಕವೆಂದರೆ ಸಂಘದ ಪ್ರತಿ ಸಭೆಯ ತಾರೀಖು, ಹಾಜರಿದ್ದವರ ಸಹಿ, ಚರ್ಚೆ ಮತ್ತು ತೀರ್ಮಾನಗಳನ್ನು ಬರೆದಿಡುವ ಪುಸ್ತಕ. ನೋಂದಾಯಿತ ಸಂಘಗಳು, ಸಹಕಾರ ಸಂಘಗಳು ಇದನ್ನು ಇಟ್ಟಿರುತ್ತವೆ. ಕಾರ್ಯದರ್ಶಿಯ ಅನುಮತಿ ಪಡೆದು, ಅಲ್ಲಿಯೇ ಕುಳಿತು ನೋಡಿ. ಪುಸ್ತಕವನ್ನು ಮನೆಗೆ ಕೇಳುವುದು ತರವಲ್ಲ. ತೀರ್ಮಾನದ ಕೆಳಗೆ ಸೂಚಕರು, ಅನುಮೋದಕರು ಎಂದು ಬರೆದಿರುವ ಜಾಗದಲ್ಲಿ ನಿಮ್ಮ ತಂದೆಯ ಹೆಸರು ಎಲ್ಲೆಲ್ಲಿ ಬರುತ್ತದೆಂದು ಗುರುತು ಹಾಕಿಕೊಂಡರೆ, ಅವರು ಯಾವುದಕ್ಕಾಗಿ ಒತ್ತಾಯಿಸುತ್ತಿದ್ದರೆಂಬುದು ತಿಳಿಯುತ್ತದೆ. ಹುದ್ದೆಗಳ ಪಟ್ಟಿಗಿಂತ ಇದರ ತೂಕ ಹೆಚ್ಚು. ಸಹಿ ಮಾಡಿದ ಸಭೆಗಳ ನಡುವೆ ದೀರ್ಘ ಬಿಡುವು ಕಂಡರೆ ಆ ತಿಂಗಳುಗಳಲ್ಲಿ ಮನೆಯಲ್ಲಿ ಏನು ನಡೆದಿತ್ತೆಂದು ತಾಯಿಯವರನ್ನು ಕೇಳಿ. ಮನೆಯ ಕಥೆಗೂ ಊರಿನ ಕಥೆಗೂ ಸಂಬಂಧ ಕೂಡುವುದು ಹೆಚ್ಚಾಗಿ ಇಂಥಲ್ಲಿ.

ಅಭಿಮಾನದಿಂದ ಹೇಳಿದ ಮಾತುಗಳನ್ನು ಪರೀಕ್ಷಿಸದೆ ಅಚ್ಚು ಮಾಡಬೇಡಿ. ‘ನೂರು ಬಾರಿ ರಕ್ತದಾನ ಮಾಡಿದ್ದರು’ ಎಂದು ಯಾರೋ ಹೇಳುತ್ತಾರೆ. ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು ಮೂರು ತಿಂಗಳ ಅಂತರ ಬೇಕು. ವರ್ಷಕ್ಕೆ ನಾಲ್ಕರಂತೆ ಒಮ್ಮೆಯೂ ತಪ್ಪದೆ ಕೊಟ್ಟರೂ ನೂರಕ್ಕೆ 25 ವರ್ಷ ಹಿಡಿಯುತ್ತದೆ. ಅಸಾಧ್ಯವೇನಲ್ಲ, ಆದರೆ ಕಾರ್ಡುಗಳಲ್ಲಿ ಮೂವತ್ತು ದಾಖಲೆಗಳಿದ್ದರೆ ‘ಮೂವತ್ತಕ್ಕೂ ಹೆಚ್ಚು ಬಾರಿ’ ಎಂದು ಬರೆಯಿರಿ, ಅದರಿಂದ ಅವರ ಗೌರವಕ್ಕೆ ಕುಂದಿಲ್ಲ. ಹುದ್ದೆಗಳ ಹೆಸರಿನಲ್ಲೂ ಇಂಥದೇ ಎಡವಟ್ಟುಗಳಾಗುತ್ತವೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದದ್ದೇ 2001ರಲ್ಲಿ. 1985ರಲ್ಲಿ ಶಾಲೆಗಾಗಿ ಓಡಾಡಿದವರು ಇದ್ದದ್ದು ಬೇರೆ ಹೆಸರಿನ ಸಮಿತಿಯಲ್ಲಿ. 1987ರ ಚುನಾವಣೆಯಲ್ಲಿ ಗೆದ್ದವರು ಮಂಡಲ ಪಂಚಾಯಿತಿಯ ಸದಸ್ಯರೇ ಹೊರತು ಈಗಿನ ಗ್ರಾಮ ಪಂಚಾಯಿತಿಯವರಲ್ಲ. ಗ್ರಾಮ ಪಂಚಾಯಿತಿ 1993ರ ಕಾಯ್ದೆಯಿಂದ ಬಂದ ವ್ಯವಸ್ಥೆ. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಮನೆಮನೆಗೆ ಹೋಗುತ್ತಿದ್ದರೆಂದರೆ ಅದು 1995ರ ಈಚಿನ ಮಾತು.

‘ಅವರೊಬ್ಬರೇ ಶಾಲೆ ಕಟ್ಟಿಸಿದರು’ ಎಂಬ ಮಾತು ಬಂದಾಗಲಂತೂ ಕೈ ಬಿಗಿ ಹಿಡಿಯಿರಿ. ಸಮುದಾಯದ ಕೆಲಸ ಎಂದೂ ಒಬ್ಬರದಲ್ಲ. ಜತೆಗೆ ದುಡಿದವರ ಹೆಸರು ಬಿಟ್ಟುಹೋದರೆ, ಪುಸ್ತಿಕೆ ಊರಿನಲ್ಲಿ ಹಂಚಿದ ದಿನವೇ ಅಸಮಾಧಾನ ಹುಟ್ಟುತ್ತದೆ, ಅದು ನ್ಯಾಯವೂ ಹೌದು.

6. ಬರೆಯುವಾಗ

ಮೊದಲ ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಅಜಾತಶತ್ರು, ಕೊಡುಗೈ ದಾನಿ, ಮೃದುಭಾಷಿ, ಸ್ನೇಹಜೀವಿ, ಸಮಾಜಮುಖಿ, ತುಂಬಲಾರದ ನಷ್ಟ ಮುಂತಾದವನ್ನೆಲ್ಲ ಹೊಡೆದುಹಾಕಿ. ಪ್ರತಿ ಪದ ಹೋದ ಜಾಗದಲ್ಲಿ ಒಂದು ಕೆಲಸವನ್ನು ಬರೆಯಿರಿ. ‘ಅವರು ಶಿಕ್ಷಣಪ್ರೇಮಿಯಾಗಿದ್ದರು’ ಎಂಬ ವಾಕ್ಯವನ್ನು ಯಾರ ತಂದೆಗಾದರೂ ಹೊಂದಿಸಬಹುದು. ಅದರ ಬದಲು ಹೀಗಿರಲಿ: ‘ಶಾಲೆಯ ಮಾಡಿಗೆ ಹೆಂಚು ಬಂದ ದಿನ ಲಾರಿಯ ಪಕ್ಕದಲ್ಲಿ ನಿಂತು ಒಂದೊಂದನ್ನೂ ಬೆರಳಿನಿಂದ ತಟ್ಟಿ, ಸದ್ದು ಒಡಕಾಗಿ ಕೇಳಿದ್ದನ್ನು ಬೇರೆ ಇಟ್ಟರು, ಬೇರೆ ಇಟ್ಟ ಹೆಂಚಿನ ಲೆಕ್ಕವನ್ನು ಅಂದು ರಾತ್ರಿಯೇ ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟರು.’ ಊರಿನ ದುಡ್ಡು ಒಂದು ಹೆಂಚಿನಷ್ಟೂ ಪೋಲಾಗಬಾರದೆಂಬ ಅವರ ಕಾಳಜಿಯನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಹುಟ್ಟಿನಿಂದ ಸಾವಿನವರೆಗೆ ಕ್ರಮವಾಗಿ ಬರೆಯುವುದು ಸುಲಭ, ಆದರೆ ಓದಿಸಿಕೊಳ್ಳುವುದಿಲ್ಲ. ಕಾಲಾನುಕ್ರಮದ ವಿವರಗಳನ್ನು ಒಂದು ಪುಟದ ಪಟ್ಟಿಯಲ್ಲಿ ಮುಗಿಸಿ, ಉಳಿದುದನ್ನು ಮನೆ, ವೃತ್ತಿ, ಊರು ಎಂಬ ಭಾಗಗಳಲ್ಲಿ ಹೇಳಿ. ಕೊನೆಯ ಕಾಯಿಲೆಗೆ ಒಂದು ಪ್ಯಾರಾ ಸಾಕು. ಎಪ್ಪತ್ತೈದು ವರ್ಷ ಬಾಳಿದವರ ಪುಸ್ತಿಕೆಯಲ್ಲಿ ಐಸಿಯುವಿನ ಹತ್ತು ದಿನ ಮೂರು ಪುಟ ತಿನ್ನುವುದು ಸರಿಯಲ್ಲ. ಚಿಕಿತ್ಸೆಯ ಬಗ್ಗೆ ದೂರಿದ್ದರೆ ಅದಕ್ಕೆ ಬೇರೆ ವೇದಿಕೆಗಳಿವೆ, ಪುಸ್ತಿಕೆಯಲ್ಲಿ ಆಸ್ಪತ್ರೆಯ ಹೆಸರು ಹಾಕಿ ಆರೋಪ ಮಾಡಬೇಡಿ.

ಲಿಂಗೈಕ್ಯ, ದೈವಾಧೀನ, ಸ್ವರ್ಗಸ್ಥ ಮುಂತಾದವುಗಳಲ್ಲಿ ನಿಮ್ಮ ಮನೆತನದಲ್ಲಿ ಬಳಕೆಯಲ್ಲಿರುವುದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ. ಸಂದೇಹವಿದ್ದರೆ ‘ನಿಧನರಾದರು’ ಎಲ್ಲರಿಗೂ ಸಲ್ಲುತ್ತದೆ.

7. ಹೇಳಲು ಕಷ್ಟವಾದ ಸಂಗತಿಗಳು

ಅವರಿಗೆ ಮೂಗಿನ ತುದಿಯಲ್ಲೇ ಕೋಪವಿದ್ದರೆ ಅದನ್ನು ಬರೆಯಬಹುದು; ಬಲ್ಲವರು ಓದಿ ನಗುತ್ತಾರೆ, ಉಳಿದ ಮಾತುಗಳನ್ನೂ ನಂಬುತ್ತಾರೆ. ಆಸ್ತಿಯ ಜಗಳ, ಕುಡಿತ, ಮುರಿದುಬಿದ್ದ ಸಂಬಂಧಗಳ ವಿಷಯ ಬಂದಾಗ, ಬದುಕಿರುವವರಿಗೆ ನೋವಾಗುವುದನ್ನು ಬಿಡಿ, ಆದರೆ ಅದರ ಜಾಗದಲ್ಲಿ ಸುಳ್ಳನ್ನು ತುಂಬಬೇಡಿ. ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರನ್ನು ‘ರಾಮ ಲಕ್ಷ್ಮಣರಂತಿದ್ದರು’ ಎಂದು ಬರೆದರೆ ಊರು ಮುಸಿಮುಸಿ ನಗುತ್ತದೆ. ಸಾಲ ಪಡೆದವರ, ಗುಟ್ಟಾಗಿ ಫೀಸು ಕಟ್ಟಿಸಿಕೊಂಡ ಮಕ್ಕಳ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹಾಕಲೇಬಾರದು. ಗುಟ್ಟಾಗಿ ಕೊಟ್ಟವರ ಇಚ್ಛೆಗೂ ಅದು ವಿರುದ್ಧ.

ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಪೂರ್ಣ ಜನ್ಮದಿನಾಂಕ, ಮನೆಯ ಸಂಖ್ಯೆ, ಎಲ್ಲರೂ ಕ್ರಿಯೆಗೆ ಹೊರಡುವ ಹೊತ್ತು ಒಟ್ಟಿಗೆ ಇರದಂತೆ ನೋಡಿಕೊಳ್ಳಿ. ವಂಚಕರಿಗೂ ಕಳ್ಳರಿಗೂ ಅಷ್ಟು ಮಾಹಿತಿ ಸಾಕು.

8. ಫೋಟೊಗಳು

ಗಾಜಿಗೆ ಅಂಟಿಕೊಂಡ ಹಳೆಯ ಫೋಟೊವನ್ನು ಕೀಳಲು ಹೋಗಬೇಡಿ, ಮೇಲ್ಪದರ ಕಿತ್ತುಬರುತ್ತದೆ. ಕಿಟಕಿಯ ಓರೆ ಬೆಳಕಿನಲ್ಲಿ ಗಾಜಿನ ಸಮೇತವೇ ಫೋಟೊ ತೆಗೆಯಿರಿ. ಸ್ಕ್ಯಾನ್ ಮಾಡಿಸುವುದಾದರೆ ಸಾಧಾರಣ ಅಳತೆಯ ಚಿತ್ರಕ್ಕೆ 300 ಡಿಪಿಐ, ಪಾಸ್‌ಪೋರ್ಟ್ ಅಳತೆಯದಕ್ಕೆ 600 ಡಿಪಿಐ ಎಂದು ಹೇಳಿ. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಹಿಡಿಯುವ ಚುಕ್ಕಿಗಳ ಸಂಖ್ಯೆ, ಅದು ಕಡಿಮೆಯಾದರೆ ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಹೊರದೇಶದಲ್ಲಿರುವ ಮಕ್ಕಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲಿ, ಇಲ್ಲವಾದರೆ ಗುಣಮಟ್ಟ ಕುಗ್ಗುತ್ತದೆ. ಪ್ರತಿ ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳಿರಲಿ. ಶಾಲು ಹೊದಿಸಿಕೊಂಡ ಚಿತ್ರ ಒಂದಿದ್ದರೆ ಸಾಕು, ಕೆಲಸ ಮಾಡುತ್ತಿರುವ ಚಿತ್ರಗಳನ್ನು ಹುಡುಕಿ.

9. ಅಕ್ಷರ ಜೋಡಣೆ ಮತ್ತು ಮುದ್ರಣ

ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಟೈಪು ಮಾಡುವುದು ಸಾಮಾನ್ಯವಾಗಿ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ. ಮುದ್ರಣಾಲಯಗಳಲ್ಲಿ ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತದ ಅಕ್ಷರಗಳು ಇನ್ನೂ ಬಳಕೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳು ಅಲ್ಲಲ್ಲಿ ಕೆಡುತ್ತವೆ. ನೀವು ಕಳಿಸಿದ ಬರಹ ಸರಿಯಿತ್ತೆಂಬ ಭರವಸೆಯಲ್ಲಿ ಕರಡಚ್ಚನ್ನು ಓದದೆ ಬಿಟ್ಟರೆ, ಅಪ್ಪನ ಹೆಸರಿನಲ್ಲೇ ತಪ್ಪು ಉಳಿದೀತು. ಕಾಗದದ ಮೇಲೆ ಮುದ್ರಿಸಿಕೊಂಡು, ಮನೆಯವರಲ್ಲದ ಒಬ್ಬರಿಂದ ಓದಿಸಿ. ಹೆಸರುಗಳನ್ನು ಬೇರೆಯಾಗಿ, ಒಂದೊಂದನ್ನೂ ಬೆರಳಿಟ್ಟು ನೋಡಿ.

ಇಂಥ ಪುಸ್ತಿಕೆಗೆ ಡೆಮಿ 1/8 ಅಳತೆ, ಅಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ, ಹೊಂದುತ್ತದೆ. ಈ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ ಎನ್ನುತ್ತಾರೆ, ಖರ್ಚಿನ ಲೆಕ್ಕವೂ ಫಾರಮ್ಮಿನ ಮೇಲೆಯೇ. ಆದ್ದರಿಂದ 32 ಅಥವಾ 48 ಪುಟಕ್ಕೆ ಬರಹವನ್ನು ಹೊಂದಿಸಿ; 50 ಪುಟವಾದರೆ ಎರಡು ಪುಟಕ್ಕಾಗಿ ಹೆಚ್ಚಿನ ಖರ್ಚು ಬೀಳುತ್ತದೆ. ಬಣ್ಣದ ಚಿತ್ರಗಳನ್ನೆಲ್ಲ ನಡುವಿನ ನಾಲ್ಕು ಪುಟಗಳಿಗೆ ತಂದರೆ ಉಳಿದುದು ಕಪ್ಪು ಬಿಳುಪಿನಲ್ಲಿ ಅಗ್ಗವಾಗಿ ಮುಗಿಯುತ್ತದೆ. ಜಾಹೀರಾತು ತೆಗೆದುಕೊಂಡು ಖರ್ಚು ತೂಗಿಸುವ ಯೋಚನೆಯನ್ನು ಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಪ್ರತಿ ಜಾಹೀರಾತಿನ ಹಿಂದೆ ಒಂದು ಭಾವಚಿತ್ರ, ಅದರ ಹಿಂದೆ ಒಂದು ಸಂದೇಶ ಬಂದು, ಕೊನೆಗೆ ನಿಮ್ಮ ತಂದೆಗೆ ಜಾಗವೇ ಇರುವುದಿಲ್ಲ.

10. ಹಂಚಿದ ಮೇಲೆ

ಎಷ್ಟು ಪ್ರತಿ ಬೇಕೆಂದು ಮುದ್ರಣಾಲಯದವರು ಕೇಳುವ ಮೊದಲೇ ಮನೆಗಳ ಪಟ್ಟಿ ಮಾಡಿ. ಬಂದವರ ತಲೆ ಎಣಿಸುವುದಕ್ಕಿಂತ ಮನೆಗೊಂದರ ಲೆಕ್ಕ ಸರಿಹೋಗುತ್ತದೆ. ಅವರು ದುಡಿದ ಸಂಘದ ಕಚೇರಿಗೆ, ಶಾಲೆಗೆ, ಊರಿನ ಗ್ರಂಥಾಲಯಕ್ಕೆ ಒಂದೊಂದು ಪ್ರತಿಯನ್ನು ನೀವೇ ಹೋಗಿ ಕೊಡಿ. ಪುಸ್ತಿಕೆ ಹೊರಬಂದ ವಾರದಲ್ಲೇ ‘ಇದು ಹಾಗಲ್ಲ, ಹೀಗೆ’ ಎಂದು ತಿದ್ದುವವರು ಸಿಗುತ್ತಾರೆ. ಬೇಸರಿಸಿಕೊಳ್ಳದೆ, ಹೇಳಿದವರ ಹೆಸರಿನ ಸಮೇತ ನಿಮ್ಮ ಪ್ರತಿಯ ಅಂಚಿನಲ್ಲಿ ಬರೆದಿಡಿ. ಮುಖ್ಯವಾದ ತಪ್ಪಾಗಿದ್ದರೆ ಒಂದು ತಪ್ಪೊಪ್ಪೋಲೆ, ಅಂದರೆ ತಪ್ಪು ಸರಿಗಳ ಪಟ್ಟಿ, ಅಚ್ಚು ಹಾಕಿಸಿ ಉಳಿದ ಪ್ರತಿಗಳಲ್ಲಿ ಇಡಿ. ಧ್ವನಿಮುದ್ರಣಗಳಿಗೆ ಮಾತನಾಡಿದವರ ಹೆಸರು, ತಾರೀಖು ಹಾಕಿ, ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕಿನಲ್ಲೂ ಇನ್ನೊಂದನ್ನು ಬೇರೆ ಊರಿನಲ್ಲಿರುವ ಒಡಹುಟ್ಟಿದವರ ಬಳಿಯೂ ಉಳಿಸಿ. ಪುಸ್ತಿಕೆಯಲ್ಲಿ ಬಳಸದೆ ಬಿಟ್ಟ ಮಾತುಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ.